ಇಸವಿಯಿಲ್ಲದ ವಿಶ್ವ ಭೂಪಟದ ಕಾಲವನ್ನು ಪತ್ತೆ ಹಚ್ಚುವುದು ಹೇಗೆ

ಹಳೆಯ ಭೂಪಟ, ಗ್ಲೋಬುಗಳಲ್ಲಿ ಎಷ್ಟೋ ಸಲ ಇಸವಿ ಇರುವುದಿಲ್ಲ. ಇಸವಿ ಹಾಕಿದರೆ ಮರುವರ್ಷವೇ ಸರಕು ಹಳತಾಗುತ್ತದಲ್ಲ! ಇಸವಿ ಇಲ್ಲದಿದ್ದರೇನು, ಗಡಿರೇಖೆ, ಊರಿನ ಹೆಸರು, ರಾಜಧಾನಿಯ ಚಿಹ್ನೆ ಇವಿಷ್ಟನ್ನು ಸರಿಯಾಗಿ ಓದಿದರೆ ಇಪ್ಪತ್ತನೇ ಶತಮಾನದ ಬಹುಪಾಲು ನಕ್ಷೆಗಳ ಕಾಲವನ್ನು ಎರಡು ಮೂರು ವರ್ಷಗಳ ಅಂತರಕ್ಕೆ ತರಬಹುದು.

ಹತ್ತು ಪಟ್ಟು ಹಿಗ್ಗಿಸುವ ಮಸೂರ, ಒಳ್ಳೆಯ ಬೆಳಕು, ಒಂದು ಹಾಳೆ ಸಾಕು. ಹಾಳೆಯಲ್ಲಿ ಎರಡು ಕಾಲಂ ಎಳೆಯಿರಿ: ಎಡಕ್ಕೆ ‘ಇದಕ್ಕಿಂತ ಹಿಂದಿನದಲ್ಲ’, ಬಲಕ್ಕೆ ‘ಇದರ ನಂತರದ್ದಲ್ಲ’. ನಕ್ಷೆಯಲ್ಲಿ ಕಂಡ ಪ್ರತಿ ಸುಳಿವೂ ಇವೆರಡರಲ್ಲಿ ಒಂದಕ್ಕೆ ಹೋಗಬೇಕು.

ಆದರೆ ಎರಡೂ ಕಾಲಂಗಳಿಗೆ ಒಂದೇ ತೂಕವಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ನಕ್ಷೆ ಬರೆಯುವವನಿಗೆ ಭವಿಷ್ಯ ಗೊತ್ತಿರುವುದಿಲ್ಲ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರ 1914ರಲ್ಲಿ ಪೆಟ್ರೊಗ್ರಾಡ್ ಆಯಿತು, 1924ರಲ್ಲಿ ಲೆನಿನ್‌ಗ್ರಾಡ್. ಹಾಗಾಗಿ ‘ಲೆನಿನ್‌ಗ್ರಾಡ್’ ಎಂದು ಅಚ್ಚಾಗಿದ್ದರೆ ಅದು 1924ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ಅದೇ ‘ಪೆಟ್ರೊಗ್ರಾಡ್’ ಎಂದಿದ್ದರೆ 1924ರ ನಂತರದ್ದಲ್ಲ ಎಂದು ಆಣೆ ಮಾಡುವಂತಿಲ್ಲ. ಹಳೆಯ ಅಚ್ಚಿನ ತಗಡನ್ನೇ ಮತ್ತೆ ಬಳಸಿರಬಹುದು, ಸುದ್ದಿ ತಡವಾಗಿ ತಲುಪಿರಬಹುದು, ತಿದ್ದುಪಡಿಗೆ ಖರ್ಚು ಮಾಡದೆ ಇದ್ದಿರಬಹುದು. ಹಾಗಾಗಿ ನಕ್ಷೆಯಲ್ಲಿರುವ ಅತ್ಯಂತ ಹೊಸ ಸಂಗತಿಗೇ ಮೊದಲ ಮನ್ನಣೆ. ಬಲಗಡೆಯ ಕಾಲಂನಲ್ಲಿ ಒಂದೇ ಸುಳಿವನ್ನು ನಂಬಬೇಡಿ; ಬೇರೆ ಬೇರೆ ಖಂಡಗಳಿಂದ ಕನಿಷ್ಠ ಮೂರು ಸುಳಿವುಗಳು ಒಂದೇ ಕಡೆ ಬೆರಳು ತೋರಿಸಲಿ.

ಮೊದಲು ದೊಡ್ಡ ಜರಡಿ ಹಿಡಿಯಿರಿ. ಯುರೋಪಿನ ನಡುವೆ ಆಸ್ಟ್ರಿಯಾ-ಹಂಗೇರಿ ಇದ್ದರೆ 1867 ಮತ್ತು 1918ರ ನಡುವಿನದು. ಅದರೊಂದಿಗೆ ನಾರ್ವೆ, ಸ್ವೀಡನ್‌ಗಳು ಬೇರೆ ಬೇರೆ ಬಣ್ಣದಲ್ಲಿದ್ದರೆ 1905ರಲ್ಲಿ ಮುರಿದ ಅವುಗಳ ಒಕ್ಕೂಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆದರೆ ಅದಕ್ಕೂ ಮೊದಲೇ ಎರಡಕ್ಕೂ ಬೇರೆ ಬಣ್ಣ ಕೊಡುತ್ತಿದ್ದವರಿದ್ದರು, ಇದು ದುರ್ಬಲ ಸುಳಿವು. ಸೋವಿಯತ್ ಒಕ್ಕೂಟ ಕಂಡರೆ 1922ರಿಂದ 1991. ಆಫ್ರಿಕಾದ ಪಶ್ಚಿಮ ಭಾಗ ಫ್ರೆಂಚ್ ವಸಾಹತುಗಳ ಒಂದೇ ಬಣ್ಣದ ಹಾಸಾಗಿದ್ದರೆ 1960ಕ್ಕಿಂತ ಹಿಂದಿನದು. ಆ ಒಂದೇ ವರ್ಷ ಆಫ್ರಿಕಾದ 17 ದೇಶಗಳು ಸ್ವತಂತ್ರವಾದವು. ಸುಡಾನ್ ಎರಡಾಗಿದ್ದರೆ 2011ರ ಜುಲೈ ನಂತರದ್ದು.

ಆಮೇಲೆ ಸಣ್ಣ ಕಣ್ಣಿನ ಜರಡಿ. ಒಂದು ಉದಾಹರಣೆಯನ್ನು ಬಿಡಿಸೋಣ. ನಕ್ಷೆಯಲ್ಲಿ ಲೆನಿನ್‌ಗ್ರಾಡ್ (1924ರಿಂದ) ಇದೆ. ನಾರ್ವೆಯ ರಾಜಧಾನಿ ಕ್ರಿಸ್ಟಿಯಾನಿಯಾ ಅಲ್ಲ, ಓಸ್ಲೊ (1925ರಿಂದ). ಆಸ್ಟ್ರೇಲಿಯಾದಲ್ಲಿ ರಾಜಧಾನಿಯ ಚಿಹ್ನೆ ಮೆಲ್ಬರ್ನ್ ಬಿಟ್ಟು ಕ್ಯಾನ್‌ಬೆರಾಗೆ ಬಂದಿದೆ (1927ರಿಂದ). ಎಡ ಕಾಲಂ ಮುಗಿಯಿತು: 1927. ಬಲಕ್ಕೆ ಬನ್ನಿ. ಬಾಲ್ಕನ್‌ನಲ್ಲಿ ಇನ್ನೂ ‘ಸರ್ಬ್, ಕ್ರೊಯಾಟ್ ಮತ್ತು ಸ್ಲೊವೀನರ ರಾಜ್ಯ’. ಅದಕ್ಕೆ ಯುಗೊಸ್ಲಾವಿಯಾ ಎಂಬ ಹೆಸರು ಅಧಿಕೃತವಾದದ್ದು 1929ರ ಅಕ್ಟೋಬರ್‌ನಲ್ಲಿ. ಇಸ್ತಾಂಬುಲ್ ಬದಲು ಕಾನ್‌ಸ್ಟಾಂಟಿನೋಪಲ್, ಅಂದರೆ 1930ಕ್ಕಿಂತ ಹಿಂದೆ. ಇರಾನ್ ಬದಲು ಪರ್ಷಿಯಾ (1935ಕ್ಕೆ ಮೊದಲು). ಮೂರೂ ಒಪ್ಪುತ್ತವೆ, ಅತಿ ಬಿಗಿಯಾದದ್ದು 1929. ಉತ್ತರ: 1927–29. ಇದೇ ನಕ್ಷೆಯಲ್ಲಿ ನಾರ್ವೆಯ ಟ್ರಾಂಡೈಮ್ ನಗರಕ್ಕೆ ‘ನಿಡಾರೋಸ್’ ಎಂದಿದ್ದರೆ? ಆ ಹೆಸರು ಇದ್ದದ್ದು 1930ರ ಜನವರಿಯಿಂದ 1931ರ ಮಾರ್ಚ್‌ವರೆಗೆ ಮಾತ್ರ. ಆಗ ಬಾಲ್ಕನ್‌ನ ಹೆಸರು ತಿದ್ದದೆ ಉಳಿದದ್ದು ಎಂದು ತೀರ್ಮಾನಿಸಬೇಕು; ಹೊಸದರ ಎದುರು ಹಳತು ಸೋಲಲೇಬೇಕು.

ಹೀಗೆ ಅಲ್ಪಾಯುಷಿ ಜೋಡಿಗಳನ್ನು ಹುಡುಕುವುದೇ ಈ ಕೆಲಸದ ಸೊಗಸು. ಯೆಮೆನ್ ಒಂದು, ಜರ್ಮನಿ ಎರಡು: 1990ರ ಮೇ 22 ಮತ್ತು ಅಕ್ಟೋಬರ್ 3ರ ನಡುವೆ, ಬರೀ ನಾಲ್ಕು ತಿಂಗಳ ಜಗತ್ತು ಅದು. ಜರ್ಮನಿ ಒಂದಾಗಿ ಸೋವಿಯತ್ ಒಕ್ಕೂಟವೂ ಉಳಿದಿದ್ದರೆ 1990ರ ಅಕ್ಟೋಬರ್‌ನಿಂದ 1991ರ ಡಿಸೆಂಬರ್. ಸೋವಿಯತ್ ಒಕ್ಕೂಟ ಹೋಗಿ ಜೆಕೊಸ್ಲೊವಾಕಿಯಾ ಇನ್ನೂ ಇದ್ದರೆ ಕಣ್ಣು ಮುಚ್ಚಿ 1992 ಎನ್ನಿ.

ಮರಳಿ ಬಂದ ಹೆಸರುಗಳ ಬಗ್ಗೆ ಎಚ್ಚರ. ಸಯಾಂ 1939ರಲ್ಲಿ ಥಾಯ್ಲೆಂಡ್ ಆಯಿತು, ಎರಡನೇ ಮಹಾಯುದ್ಧ ಮುಗಿದ ಮೇಲೆ ಮತ್ತೆ ಸಯಾಂ, 1949ರಲ್ಲಿ ಮತ್ತೆ ಥಾಯ್ಲೆಂಡ್. ಸೇಂಟ್ ಪೀಟರ್ಸ್‌ಬರ್ಗ್ 1914ಕ್ಕೆ ಮುಂಚೆಯೂ ಉಂಟು, 1991ರ ನಂತರವೂ ಉಂಟು. ಈಜಿಪ್ಟ್, ಸಿರಿಯಾ ಸೇರಿ ಆದ ‘ಸಂಯುಕ್ತ ಅರಬ್ ಗಣರಾಜ್ಯ’ ಕಂಡ ಕೂಡಲೇ 1958–61 ಎಂದು ಬರೆಯಬೇಡಿ: ಸಿರಿಯಾ 1961ರಲ್ಲಿ ಹೊರಬಿದ್ದರೂ ಈಜಿಪ್ಟ್ ಆ ಹೆಸರನ್ನು 1971ರವರೆಗೆ ಉಳಿಸಿಕೊಂಡಿತ್ತು. ಸಿರಿಯಾಕ್ಕೂ ಅದೇ ಬಣ್ಣವಿದೆಯೇ ಎಂದು ನೋಡಿ.

ಇನ್ನೊಂದು ತೊಡಕು ರಾಜಕೀಯದ್ದು. ಗಡಿ ನೆಲದ ಮೇಲೆ ಬದಲಾಗುವುದು ಬೇರೆ, ಪ್ರಕಾಶಕನ ಸರ್ಕಾರ ಅದನ್ನು ಒಪ್ಪುವುದು ಬೇರೆ. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳು 1940ರಲ್ಲಿ ಸೋವಿಯತ್ ವಶವಾದರೂ ಅಮೆರಿಕ ಆ ಸೇರ್ಪಡೆಯನ್ನು ಕೊನೆಯವರೆಗೂ ಮಾನ್ಯ ಮಾಡಲಿಲ್ಲ, ಅಲ್ಲಿನ ನಕ್ಷೆಗಳಲ್ಲೂ ಇದರ ಟಿಪ್ಪಣಿ ಇರುತ್ತಿತ್ತು. ಪಶ್ಚಿಮ ಜರ್ಮನಿಯ ಎಷ್ಟೋ ನಕ್ಷೆಗಳು ಯುದ್ಧಾನಂತರವೂ ಯುದ್ಧಕ್ಕೆ ಮುಂಚಿನ 1937ರ ಜರ್ಮನಿಯ ಗಡಿಯನ್ನು ತೋರಿಸುತ್ತಿದ್ದವು. ಆದ್ದರಿಂದ ಅಚ್ಚಾದ ದೇಶ ಮತ್ತು ಭಾಷೆಯನ್ನು ಮೊದಲೇ ಗುರುತು ಹಾಕಿಕೊಂಡು, ವಿವಾದಿತ ಪ್ರದೇಶಗಳ ಸುಳಿವನ್ನು ಕೊನೆಗೆ ಮಾತ್ರ ಬಳಸಿ. ಚುಕ್ಕೆಗೆರೆಗಳಲ್ಲೂ ಅಪಾಯವಿದೆ: ‘ಯೋಜಿತ’ ಕಾಲುವೆ, ರೈಲುಹಾದಿಗಳು ಎಡ ಕಾಲಂಗೆ ಸಲ್ಲುವುದಿಲ್ಲ. ಪನಾಮಾ ಕಾಲುವೆ ತೆರೆದದ್ದು 1914ರಲ್ಲಿ, ನಕ್ಷೆಗಳಲ್ಲಿ ಅದಕ್ಕಿಂತ ಮುಂಚೆಯೇ ಗೆರೆ ಬಿದ್ದಿತ್ತು.

ಗಡಿಗಳು ಕೈಕೊಟ್ಟಾಗ ನೀರನ್ನು ನೋಡಿ. ನೆದರ್ಲೆಂಡ್ಸ್‌ನ ಜೌಡರ್‌ಜೀ ಕೊಲ್ಲಿಗೆ ಅಡ್ಡಲಾಗಿ ಒಡ್ಡು ಕಟ್ಟಿ ಮುಗಿದದ್ದು 1932ರಲ್ಲಿ. ಘಾನಾದ ವೋಲ್ಟಾ ಸರೋವರ 1960ರ ದಶಕದ ಅಣೆಕಟ್ಟಿನ ಫಲ. ಅರಲ್ ಸಮುದ್ರ ತುಂಡು ತುಂಡಾಗಿದ್ದರೆ ನಕ್ಷೆ ತೀರಾ ಇತ್ತೀಚಿನದು.

1800ಕ್ಕೂ ಹಿಂದಿನ ನಕ್ಷೆಗಳಿಗೆ ದೇಶದ ಗಡಿಗಳಿಂದ ಹೆಚ್ಚು ಪ್ರಯೋಜನವಿಲ್ಲ, ಕರಾವಳಿಯೇ ಸಾಕ್ಷಿ. ಆಸ್ಟ್ರೇಲಿಯಾದ ಪೂರ್ವ ತೀರ ಖಚಿತವಾಗಿದ್ದರೆ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್‌ನ 1770ರ ಯಾನದ ನಂತರದ್ದು. ಟಾಸ್ಮೇನಿಯಾ ದ್ವೀಪವಾಗಿದ್ದರೆ ಅದನ್ನು ಆಸ್ಟ್ರೇಲಿಯಾದಿಂದ ಬೇರ್ಪಡಿಸುವ ಬಾಸ್ ಜಲಸಂಧಿ ಖಚಿತವಾದ 1798–99ರ ನಂತರದ್ದು. ಅಂಚಿನ ರೇಖಾಂಶವನ್ನೂ ಅಳೆಯಿರಿ. ಲಂಡನ್ ಸೊನ್ನೆಯ ಬದಲು ಪಶ್ಚಿಮಕ್ಕೆ 2 ಡಿಗ್ರಿ 20 ಮಿನಿಟಿನಷ್ಟು ಸರಿದಿದ್ದರೆ ಎಣಿಕೆ ಪ್ಯಾರಿಸ್‌ನಿಂದ ಶುರುವಾಗಿದೆ. ಸೊನ್ನೆ ರೇಖಾಂಶವಾಗಿ ಲಂಡನ್‌ನ ಗ್ರೀನಿಚ್‌ಗೆ 1884ರ ವಾಷಿಂಗ್ಟನ್ ಸಮ್ಮೇಳನ ಮನ್ನಣೆ ಕೊಟ್ಟರೂ ಫ್ರಾನ್ಸ್ ಬದಲಾದದ್ದು 1911ರಲ್ಲಿ.

ಕೊನೆಗೆ ಬರೆದಿಡುವಾಗ ಎರಡು ಸಾಲು ಬೇಕು: ನಕ್ಷೆಯ ಮಾಹಿತಿಯ ಕಾಲ ಒಂದು, ಕಾಗದ ಅಚ್ಚಾದ ಕಾಲ ಇನ್ನೊಂದು. ಗಡಿಗಳಿಂದ ತಿಳಿಯುವುದು ಮೊದಲನೆಯದು ಮಾತ್ರ. ಕೃತಿಸ್ವಾಮ್ಯದ ಸಾಲಿನಲ್ಲಿ ಹಲವು ಇಸವಿಗಳಿದ್ದರೆ ಎರಡನೆಯದಕ್ಕೆ ಕೊನೆಯ ಇಸವಿಯನ್ನು ಹಿಡಿದು ‘ಅಥವಾ ನಂತರ’ ಎಂದು ಸೇರಿಸಿ.