ಕ್ಯಾನ್ಸರ್ ಮಾತ್ರೆ, ಸವೆಯುವ ಡಿಸ್ಕ್: ನನ್ನ ಅನುಭವ

ಬೆನ್ನುಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ವಯಸ್ಸಿನ ಜೊತೆ ಸವೆಯುವುದನ್ನು ಬಾಯಿಂದ ಕೊಡುವ ಔಷಧದಿಂದ ತಡೆಯಬಹುದಾ ಅಂತ ನಾನು ಇಲಿಗಳಲ್ಲಿ ನೋಡುತ್ತಿದ್ದೇನೆ. ಡಿಸ್ಕ್ ಒಳಗೆ ರಕ್ತನಾಳವೇ ಇಲ್ಲ, ಬಾಯಿಂದ ಕೊಟ್ಟ ಔಷಧ ಅಲ್ಲಿಗೆ ತಲುಪುವುದು ಹೇಗೆ? ಎಲ್ಲರೂ ಇದನ್ನೇ ಕೇಳಿದರು. ಅನುದಾನದ ಅರ್ಜಿ ಒಮ್ಮೆ ಇದೇ ಕಾರಣಕ್ಕೆ ವಾಪಸ್ ಬಂತು. ಡಿಸ್ಕ್‌ನ ಮೇಲೆ, ಕೆಳಗೆ ಇರುವ ತೆಳು ಮೃದ್ವಸ್ಥಿ ಪದರದ (ಎಂಡ್‌ಪ್ಲೇಟ್) ಮೂಲಕ ಗ್ಲೂಕೋಸ್ ಒಳಗೆ ಹೋಗುತ್ತದೆ ಅಂದ ಮೇಲೆ ಸಣ್ಣ ಅಣುವಿನ ಔಷಧವೂ ಹೋಗಬಹುದು ಅಲ್ವಾ ಅಂದರೆ ಯಾರೂ ಒಪ್ಪಲಿಲ್ಲ. ಈಗ ಸೂಕ್ಷ್ಮದರ್ಶಕದಲ್ಲಿ ನನ್ನ ಸ್ಲೈಡ್ ನೋಡಿದವರು ವಾದ ಮಾಡುತ್ತಿಲ್ಲ.

ನಾನು ಕೊಟ್ಟದ್ದು ಡಾಸಾಟಿನಿಬ್ ಮತ್ತು ಹಣ್ಣು ತರಕಾರಿಗಳಲ್ಲಿರುವ ಕ್ವೆರ್ಸೆಟಿನ್, ಈ ಜೋಡಿ. ಡಾಸಾಟಿನಿಬ್ 2006ರಿಂದ ರಕ್ತದ ಕ್ಯಾನ್ಸರ್‌ಗೆ ಬಳಕೆಯಲ್ಲಿದೆ. 2021ರಲ್ಲಿ ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯದ ಮಕರಂದ್ ರಿಸ್ಬುಡ್ ತಂಡ ಇದೇ ಜೋಡಿಯನ್ನು ಇಲಿಗಳಿಗೆ ವಾರಕ್ಕೊಮ್ಮೆ ಕೊಟ್ಟು, ಅವಕ್ಕೆ 23 ತಿಂಗಳ ವಯಸ್ಸಾದಾಗ ಡಿಸ್ಕ್ ನೋಡಿತ್ತು. 6 ಅಥವಾ 14 ತಿಂಗಳಿಗೆ ಶುರು ಮಾಡಿದವುಗಳಲ್ಲಿ ಸವೆತ ಕಡಿಮೆ, 18ಕ್ಕೆ ಶುರು ಮಾಡಿದವುಗಳಲ್ಲಿ ಅಷ್ಟು ಲಾಭವಿಲ್ಲ.

ನಾನು ಮೊದಲು ಹಿಡಿದದ್ದು ಬಾಲದ ಡಿಸ್ಕ್‌ಗೆ ಸೂಜಿ ಚುಚ್ಚುವ ಮಾದರಿ, ಬೇಗ ಮುಗಿಯುತ್ತದೆ ಅಂತ. ಹೆಚ್ಚುಕಡಿಮೆ ಒಂದು ವರ್ಷ, ಕೈಯಲ್ಲಿದ್ದ ಹಣದ ಅರ್ಧದಷ್ಟು ಅದಕ್ಕೇ ಹೋಯಿತು, ಔಷಧ ಕೊಟ್ಟ ಗುಂಪಿಗೂ ಕೊಡದ ಗುಂಪಿಗೂ ಏನೂ ವ್ಯತ್ಯಾಸ ಇಲ್ಲ. ಚುಚ್ಚಿದ ಡಿಸ್ಕ್ ದಿಢೀರ್ ಕುಸಿಯುತ್ತದೆ. ಈ ಔಷಧ ಕೆಲಸ ಮಾಡುವುದು ವಯಸ್ಸಿನ ಜೊತೆ ನಿಧಾನವಾಗಿ ಸೇರಿಕೊಳ್ಳುವ ಸೆನೆಸೆಂಟ್ ಕೋಶಗಳ ಮೇಲೆ, ಅಂದರೆ ವಿಭಜನೆ ನಿಲ್ಲಿಸಿಯೂ ಸಾಯದೆ ಉಳಿದ ಮುದಿ ಕೋಶಗಳ ಮೇಲೆ.

ಹಾಗಾಗಿ ಇಲಿಗಳಿಗೆ ವಯಸ್ಸಾಗುವವರೆಗೆ ಸಾಕಲೇಬೇಕಾಯಿತು. ಔಷಧದ ಖರ್ಚು ಏನೂ ಅಲ್ಲ. ಸುಮಾರು ಎರಡು ವರ್ಷ ಪಂಜರ, ಮೇವು, ನೋಡಿಕೊಳ್ಳುವ ಜನ, ಹಣ ನುಂಗುವುದು ಅವು. ನಡುವೆ ಸಾಯುವವೂ ಇವೆ, ಲೆಕ್ಕಕ್ಕಿಂತ ಮೂರನೇ ಒಂದು ಭಾಗ ಜಾಸ್ತಿ ಇಟ್ಟುಕೊಳ್ಳಿ.

ಕ್ವೆರ್ಸೆಟಿನ್ ಕರಗದೆ ಹಳದಿ ಗಷ್ಟಾಗಿ ತಳಕ್ಕೆ ಕೂರುತ್ತದೆ. ಬಾಯಿಂದ ಹೊಟ್ಟೆಗೆ ಔಷಧ ಬಿಡುವ ಗವಾಜ್ ಸೂಜಿ ಕಟ್ಟಿಕೊಂಡು ಒಂದೊಂದು ಇಲಿಗೆ ಒಂದೊಂದು ಪ್ರಮಾಣ ಹೋಗುತ್ತಿತ್ತು. ಯಾವುದನ್ನು ಮೊದಲು ಬೆರೆಸಬೇಕು, ಎಷ್ಟು ಬಿಸಿ ಇರಬೇಕು ಅನ್ನುವುದರಲ್ಲಿ ಒಂದು ದಾರಿ ಸಿಕ್ಕಿದೆ. ನಮ್ಮ ಪ್ರಬಂಧ ಬರುವವರೆಗೆ ಅದನ್ನು ಹೇಳಲಾರೆ.

ಸ್ಲೈಡ್‌ಗೆ ತೆಳುವಾಗಿ ಕತ್ತರಿಸುವ ಮುನ್ನ ಮೂಳೆಯ ಕ್ಯಾಲ್ಸಿಯಂ ತೆಗೆಯಲು ಆಮ್ಲ ಬೇಡ, ಬೇಗ ಆಗುತ್ತದೆ ನಿಜ, ಆದರೆ ಆಮೇಲೆ ಪ್ರೋಟೀನ್ ಗುರುತಿಸಲು ಹಾಕುವ ಆಂಟಿಬಾಡಿ ಹಿಡಿಯುವುದೇ ಇಲ್ಲ. ಕ್ಯಾಲ್ಸಿಯಂ ಅನ್ನು ನಿಧಾನವಾಗಿ ಹಿಡಿದು ತೆಗೆಯುವ ಇಡಿಟಿಎ ಹಾಕಿ ಎರಡು ವಾರ ಕಾಯಿರಿ. ಸೆನೆಸೆಂಟ್ ಕೋಶ ಗುರುತಿಸಲು ಪಿ16 ಪ್ರೋಟೀನ್ ಒಂದನ್ನೇ ನಂಬಬೇಡಿ, ಇಲಿಯ ಪಿ16 ಆಂಟಿಬಾಡಿಗಳು ಬಹಳ ಸತಾಯಿಸುತ್ತವೆ. ಇಂಥದ್ದೇ ಗುರುತಾದ ಪಿ21, ಉರಿಯೂತದ ಐಎಲ್-6, ಕೊಲಾಜೆನ್ ಕತ್ತರಿಸುವ ಕಿಣ್ವ ಎಂಎಂಪಿ13 ಜೊತೆಗಿರಲಿ.

14 ತಿಂಗಳಿಗೆ ಶುರು ಮಾಡಿದ ಗುಂಪಿನಲ್ಲಿ ಪಿ16 ಇರುವ ಕೋಶಗಳು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದವು. ಡಿಸ್ಕ್‌ನ ನಡುವಿನ ಮೆತ್ತನೆ ಭಾಗವಾದ ನ್ಯೂಕ್ಲಿಯಸ್‌ನಲ್ಲಿ ಸ್ಯಾಫ್ರನಿನ್ ಬಣ್ಣದ ಕೆಂಪು, ಅಂದರೆ ನೀರು ಹಿಡಿದಿಡುವ ಪ್ರೋಟಿಯೋಗ್ಲೈಕನ್‌ನ ಗುರುತು, ಗಟ್ಟಿಯಾಗಿ ಉಳಿದಿತ್ತು. ಗುಂಪು ಗೊತ್ತಿಲ್ಲದ ಇಬ್ಬರು ಬೇರೆ ಬೇರೆಯಾಗಿ ಅಂಕ ಕೊಟ್ಟರೂ ಅದೇ ಬಂತು. ಬಾಯಿಂದ ಕೊಟ್ಟು ಇಷ್ಟು ಪಡೆದದ್ದಕ್ಕೆ ನನಗೆ ಹೆಮ್ಮೆಯಿದೆ. ತಡವಾಗಿ ಶುರು ಮಾಡಿದ ಗುಂಪಿನಲ್ಲಿ ಹೇಳಿಕೊಳ್ಳುವಂಥದ್ದು ಇಲ್ಲ.

ನಡುವೆ ಸುಮ್ನೆ ಸಕ್ಕರೆ ಕಾಯಿಲೆಯ ಔಷಧ ಮೆಟ್‌ಫಾರ್ಮಿನ್ ಕೂಡ ನೋಡಿದೆ. ಆಲ್ಜಿನೇಟ್ ಅನ್ನುವ ಜೆಲ್‌ನ ಮಣಿಗಳಲ್ಲಿ ಬೆಳೆಸಿದ ಡಿಸ್ಕ್ ಕೋಶಗಳಲ್ಲಿ ಎಂಎಂಪಿ13 ಚೆನ್ನಾಗಿ ಇಳಿಯಿತು, ಇಲಿಗಳಲ್ಲಿ ಏನೂ ಕಾಣಲಿಲ್ಲ. ತಟ್ಟೆಯ ತಳಕ್ಕೆ ಅಂಟಿದ ಪದರದಲ್ಲಿ ಬೆಳೆಸಿದ ಕೋಶಗಳ ಮೇಲೆ ಪ್ರಯೋಗ ಮಾಡುವುದೇ ಬೇಡ, ಅಲ್ಲಿ ಈ ಕೋಶಗಳು ತಮ್ಮ ಗುಣ ಕಳೆದುಕೊಂಡು ಫೈಬ್ರೊಬ್ಲಾಸ್ಟ್ (ನಾರಿನ ಅಂಗಾಂಶದ ಕೋಶ) ಥರ ಆಗಿಬಿಡುತ್ತವೆ.

ಬೆನ್ನುನೋವಿಗೆ ನಾವೇ ನುಂಗಬಹುದಾ ಅಂತ ಕೇಳುವವರಿದ್ದಾರೆ. ಬೇಡ. ಡಾಸಾಟಿನಿಬ್ ಪ್ಲೇಟ್‌ಲೆಟ್ ಇಳಿಸುತ್ತದೆ, ಶ್ವಾಸಕೋಶದ ಸುತ್ತ ನೀರು ತುಂಬಿಸಬಲ್ಲದು. ಅದಕ್ಕೇ ಈಗ ತಿಂಗಳಿಗೊಮ್ಮೆ ಮಾತ್ರ ಕೊಡುವ ಇಲಿಗಳ ಗುಂಪು ಶುರು ಮಾಡಿದ್ದೇನೆ. ಅಷ್ಟೇ ಸಾಕಾಗುತ್ತದಾ ಅನ್ನುವುದು ಅವಕ್ಕೆ 23 ತಿಂಗಳಾದಾಗ ಗೊತ್ತಾಗುತ್ತದೆ.