ಟಾರ್ಚಿಗೆ ನಿಮ್ಮ ಎಸ್‌ಎಂಎಸ್ ಏಕೆ?

ಊರಿಗೆ ಹೋದಾಗ ಚಿಕ್ಕಪ್ಪ ಫೋನ್ ಕೈಗಿಟ್ಟರು. ಬ್ಯಾಟರಿ ಬೇಗ ಇಳಿಯುತ್ತದೆ ಎಂಬ ದೂರು. ತೆರೆದು ನೋಡಿದರೆ, ರಾತ್ರಿ ತೋಟಕ್ಕೆ ನೀರು ಬಿಡಲು ಹೋಗುವಾಗ ಬೇಕೆಂದು ಹಾಕಿಕೊಂಡಿದ್ದ ಟಾರ್ಚ್ ಆ್ಯಪ್‌ಗೆ ಎಸ್‌ಎಂಎಸ್, ಕಾಂಟ್ಯಾಕ್ಟ್ಸ್, ಲೊಕೇಶನ್ ಮೂರನ್ನೂ ಧಾರೆ ಎರೆದುಕೊಟ್ಟಿದ್ದಾರೆ. "ಅದು ಕೇಳಿತು, ನಾನು ಒತ್ತಿದೆ" ಎಂದರು.

ಟಾರ್ಚಿನ ಈ ಚಾಳಿ ಹಳೆಯದು. ಬೆಳಕು ಕೊಡುತ್ತಲೇ ಬಳಕೆದಾರರ ಲೊಕೇಶನ್ ಅನ್ನು ಜಾಹೀರಾತು ಜಾಲಗಳಿಗೆ ದಾಟಿಸುತ್ತಿದ್ದ ಆ್ಯಪ್ ಒಂದರ ಮೇಲೆ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲೇ ಕ್ರಮ ಕೈಗೊಂಡಿತ್ತು.

ನಿಮ್ಮ ಆಂಡ್ರಾಯ್ಡ್ ಫೋನನ್ನೂ ಹೀಗೆ ಒಮ್ಮೆ ಜಾಲಾಡಿ. ಹೆಸರುಗಳು ಕಂಪನಿಯಿಂದ ಕಂಪನಿಗೆ ತುಸು ಬದಲಾಗಬಹುದು. ಸಿಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ.

ಮೊದಲು ಪ್ರೈವೆಸಿ ವಿಭಾಗದ ಪರ್ಮಿಷನ್ ಮ್ಯಾನೇಜರ್ ತೆರೆದು ಎಸ್‌ಎಂಎಸ್ ಒತ್ತಿ. ನಿಮ್ಮ ಒಟಿಪಿಯನ್ನು ಯಾರೆಲ್ಲ ಓದಬಲ್ಲರು ಎಂಬುದು ಅಲ್ಲಿ ಸಾಲಾಗಿ ಕಾಣುತ್ತದೆ. ಮೆಸೇಜ್ ಆ್ಯಪ್ ಇರಲಿ. ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳಿಗೆ ಸಿಮ್ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಲು ಅದು ಬೇಕಾಗುತ್ತದೆ, ಅವಸರದಲ್ಲಿ ಕಿತ್ತು ಹಾಕಬೇಡಿ. ಆಟ, ಟಾರ್ಚ್, ಫೋಟೊ ತಿದ್ದುವ ಆ್ಯಪ್ ಕಂಡರೆ ಮುಲಾಜಿಲ್ಲದೆ ಅನುಮತಿ ರದ್ದುಮಾಡಿ.

ಲೊಕೇಶನ್, ಕ್ಯಾಮೆರಾ, ಮೈಕ್ ವಿಷಯ ಸುಲಭ. ಆ್ಯಪ್ ಬಳಸುವಾಗ ಮಾತ್ರ ಎಂಬ ಆಯ್ಕೆ ಸಾಕು. ಆಂಡ್ರಾಯ್ಡ್ 12ರಿಂದ ಈಚೆಗೆ ಕ್ಯಾಮೆರಾ ಅಥವಾ ಮೈಕ್ ಚಾಲೂ ಇದ್ದರೆ ಪರದೆಯ ಮೇಲ್ತುದಿಯಲ್ಲಿ ಹಸಿರು ಗುರುತು ಮೂಡುತ್ತದೆ.

ಈಗ ಜನ ನೋಡದೆ ಬಿಡುವ ಜಾಗಕ್ಕೆ ಬನ್ನಿ: ಆ್ಯಕ್ಸೆಸಿಬಿಲಿಟಿ. ದೃಷ್ಟಿ ಇಲ್ಲದವರಿಗೆ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್‌ನಂಥ ಸೌಲಭ್ಯಗಳಿಗಾಗಿ ಇದನ್ನು ಮಾಡಿದ್ದು. ಇದು ಸಿಕ್ಕ ಆ್ಯಪ್ ಪರದೆಯ ಮೇಲಿನದನ್ನು ಓದುತ್ತದೆ, ನಿಮ್ಮ ಪರವಾಗಿ ಗುಂಡಿಯನ್ನೂ ಒತ್ತುತ್ತದೆ. ಕಳ್ಳನಿಗೆ ಇನ್ನೇನು ಬೇಕು? ನೀವೇ ಬೇಕೆಂದು ಹಾಕಿಕೊಳ್ಳದ ಹೆಸರು ಅಲ್ಲಿ ಚಾಲೂ ಇದ್ದರೆ ಆಫ್ ಮಾಡಿ. ನೋಟಿಫಿಕೇಶನ್ ಓದುವ ಅನುಮತಿಯನ್ನೂ ಹಾಗೆಯೇ ನೋಡಿ, ಒಟಿಪಿ ಅಲ್ಲಿಂದಲೂ ಸೋರುತ್ತದೆ. ಅನ್‌ಇನ್‌ಸ್ಟಾಲ್ ಗುಂಡಿ ಮಂಕಾಗಿದ್ದರೆ ಆ ಆ್ಯಪ್, ಫೋನಿನ ಮೇಲೆ ವಿಶೇಷ ಹಿಡಿತ ಕೊಡುವ ಡಿವೈಸ್ ಅಡ್ಮಿನ್ ಪಟ್ಟಿಯಲ್ಲಿ ಕೂತಿರುವ ಸಾಧ್ಯತೆ ಹೆಚ್ಚು. ಮೊದಲು ಆ ಪಟ್ಟಿಯಿಂದ ತೆಗೆದು, ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ.

ಕೊನೆಯದಾಗಿ, ಆ್ಯಪ್‌ಗಳು ಒಳಬರುವ ಬಾಗಿಲು. ಪ್ಲೇ ಸ್ಟೋರ್ 2019ರಿಂದ ಎಸ್‌ಎಂಎಸ್ ಓದುವ ಅನುಮತಿಯನ್ನು ಬಿಗಿ ಮಾಡಿದೆ. ಚಿಕ್ಕಪ್ಪನ ಟಾರ್ಚ್ ಬಂದದ್ದು ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಕೊಂಡಿಯಿಂದ, ಅಲ್ಲಿ ಆ ಜರಡಿ ಇಲ್ಲ. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಎಂಬ ಹೆಸರಿನಲ್ಲಿ ಬರುವ ಕಡತವೂ ಇದೇ ಜಾತಿ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಹೆಸರಿನ ಕೊನೆಗೆ ಎಪಿಕೆ ಎಂದಿದ್ದರೆ ಅದು ಆ್ಯಪ್. ಸೆಟ್ಟಿಂಗ್ಸ್‌ನಲ್ಲಿ ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್ ತೆರೆದು ವಾಟ್ಸ್‌ಆ್ಯಪ್, ಕ್ರೋಮ್ ಎರಡರ ಎದುರೂ ಅನುಮತಿ ತೆಗೆದುಬಿಡಿ. ಈಗಾಗಲೇ ಹಣ ಹೋಗಿದ್ದರೆ ಫೋನ್ ತಡಕುತ್ತ ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಟಾರ್ಚ್ ಆ್ಯಪ್ ಅಳಿಸಿದೆ. "ಹಾಗಾದರೆ ರಾತ್ರಿ ತೋಟಕ್ಕೆ?" ಎಂದರು ಚಿಕ್ಕಪ್ಪ. ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದು ತೋರಿಸಿದೆ. ಟಾರ್ಚಿನ ಗುಂಡಿ ಫೋನ್ ಕೊಂಡ ದಿನದಿಂದಲೂ ಅಲ್ಲೇ ಇತ್ತು.