ಆಸ್ಪತ್ರೆ ಮೇಲೆ ದೂರು: ಮೊದಲು ಕೇಸ್ ಶೀಟ್, ಆಮೇಲೆ ಕ್ಯಾಲೆಂಡರ್

ಆಪರೇಷನ್ ಕೆಟ್ಟರೆ ಪರಿಹಾರ ಎಷ್ಟು ಬರುತ್ತದೆ ಎಂದೇ ಎಲ್ಲರೂ ಮೊದಲು ಕೇಳುವುದು. ನಮ್ಮ ಕಾನೂನಿನಲ್ಲಿ ಆ ಮೊತ್ತಕ್ಕೆ ಗರಿಷ್ಠ ಮಿತಿ ಇಲ್ಲ. 2013ರಲ್ಲಿ ಕೋಲ್ಕತ್ತದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಸುಮಾರು 6 ಕೋಟಿ ರೂಪಾಯಿ ಕೊಡಿಸಿದೆ. ಮಿತಿ ಇರುವುದು ಎರಡು ಕಡೆ: ಗ್ರಾಹಕ ಆಯೋಗಕ್ಕೆ ದೂರು ಕೊಡುವ ಅವಧಿಗೆ ಮತ್ತು ಡಾಕ್ಟರ ಪರವಾಗಿ ಪರಿಹಾರ ಕಟ್ಟುವ ಅವರ ವಿಮಾ ಪಾಲಿಸಿಗೆ.

ಡಿಸ್ಚಾರ್ಜ್ ಸಮ್ಮರಿ ಕೈಯಲ್ಲಿದೆ ಎಂದು ಸುಮ್ಮನಾಗಬೇಡಿ, ಅದು ಆಸ್ಪತ್ರೆಯವರು ಬರೆದ ಸಾರಾಂಶ ಮಾತ್ರ. ಕೇಸ್ ಶೀಟ್ (ದಿನದಿನದ ಚಿಕಿತ್ಸೆ ಬರೆದಿಡುವ ದಾಖಲೆ), ಆಪರೇಷನ್ ನೋಟ್, ಅರಿವಳಿಕೆ ದಾಖಲೆ, ನರ್ಸ್ ಚಾರ್ಟ್, ಸಹಿ ಹಾಕಿದ ಒಪ್ಪಿಗೆ ಪತ್ರ ಇವಿಷ್ಟರ ನಕಲು ಕೇಳಿ ಅರ್ಜಿ ಬರೆಯಿರಿ. ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. 2002ರ ವೈದ್ಯಕೀಯ ನಡತೆ ನಿಯಮಗಳ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ದಾಖಲೆ ಇಟ್ಟುಕೊಳ್ಳುವುದೂ ಅವರ ಹೊಣೆ.

ಈ ಕಾಗದಗಳನ್ನು ಅದೇ ವಿಭಾಗದ ಬೇರೊಬ್ಬ ತಜ್ಞರಿಗೆ ತೋರಿಸಿ. ದಾವಣಗೆರೆಯ ಡಾಕ್ಟರ ಬಗ್ಗೆ ದಾವಣಗೆರೆಯವರೇ ಬರೆದುಕೊಡುವುದು ಕಷ್ಟ, ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುವುದು ಮೇಲು. ಕಾಯಿಲೆ ವಾಸಿಯಾಗಲಿಲ್ಲ ಎಂಬುದೊಂದೇ ನಿರ್ಲಕ್ಷ್ಯವಲ್ಲ. ಸಾಧಾರಣ ನುರಿತ ವೈದ್ಯ ಮಾಡಬೇಕಾದ್ದನ್ನು ಮಾಡಲಿಲ್ಲ ಎಂದು ತೋರಿಸಬೇಕು. ಎಡಗಾಲಿನ ಬದಲು ಬಲಗಾಲು ಕೊಯ್ದಂಥ ಕಣ್ಣಿಗೆ ಕಾಣುವ ತಪ್ಪಿಗೆ ತಜ್ಞರ ವರದಿ ಕಡ್ಡಾಯವಲ್ಲ ಎಂದು 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ಅವಧಿ. ಗ್ರಾಹಕ ರಕ್ಷಣಾ ಕಾಯ್ದೆ 2019ರ 69ನೇ ಕಲಂ ಪ್ರಕಾರ 2 ವರ್ಷ. ಬಹಳ ಕೇಸು ಬೀಳುವುದು ಇಲ್ಲೇ. ಹೊಟ್ಟೆಯೊಳಗೆ ಬಟ್ಟೆ ಉಳಿದದ್ದು ತಡವಾಗಿ ಗೊತ್ತಾದರೆ, ಗೊತ್ತಾದ ದಿನದಿಂದ ಎಣಿಸಬಹುದು. ಆದರೆ 1993ರಲ್ಲಿ ಆಪರೇಷನ್ ಆಗಿ, ಅಂದಿನಿಂದ ನೋವಿದ್ದೂ 2002ರವರೆಗೆ ಸರಿಯಾಗಿ ವಿಚಾರಿಸದ ಮಹಿಳೆಯ ದೂರನ್ನು ಅವಧಿ ಮೀರಿದೆ ಎಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ವಕೀಲರ ನೋಟಿಸು ಕಳಿಸಿದರೆ, ವೈದ್ಯಕೀಯ ಪರಿಷತ್ತಿಗೆ ಬರೆದರೆ ಅವಧಿ ನಿಲ್ಲುವುದಿಲ್ಲ. ಪರಿಷತ್ತು ಡಾಕ್ಟರ ನೋಂದಣಿ ಮೇಲೆ ಕ್ರಮ ಕೈಗೊಂಡೀತು, ಹಣ ಕೊಡಿಸುವುದಿಲ್ಲ. ತಡವಾಗಿದ್ದರೆ ಕಾರಣ ತೋರಿಸಿ ವಿಳಂಬ ಮನ್ನಾ ಅರ್ಜಿಯನ್ನು ದೂರಿನ ಜೊತೆಗೇ ಹಾಕಿ.

ಎಲ್ಲಿ ಕೊಡಬೇಕು? ನೀವಿರುವ ಜಿಲ್ಲೆಯಲ್ಲೇ ಆಗುತ್ತದೆ. ಚಳ್ಳಕೆರೆಯವರು ದಾವಣಗೆರೆಯಲ್ಲಿ ಚಿಕಿತ್ಸೆ ಪಡೆದಿದ್ದರೂ ಚಿತ್ರದುರ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಜಿಲ್ಲಾ ಆಯೋಗದ 50 ಲಕ್ಷದ ಮಿತಿ ನೀವು ಕಟ್ಟಿದ ಬಿಲ್ಲಿಗೆ, ಕೇಳುವ ಪರಿಹಾರಕ್ಕಲ್ಲ. 1.8 ಲಕ್ಷ ಬಿಲ್ ಕಟ್ಟಿದವರು 60 ಲಕ್ಷ ಕೇಳಿದರೂ ಇಲ್ಲೇ. 5 ಲಕ್ಷದವರೆಗಿನ ಬಿಲ್ಲಿಗೆ ಶುಲ್ಕವೂ ಇಲ್ಲ. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಆಸ್ಪತ್ರೆ ಮಾತ್ರ ಈ ಕಾಯ್ದೆಯಡಿ ಬರುವುದಿಲ್ಲ. ಅಂಥದ್ದಕ್ಕೆ ಸಿವಿಲ್ ದಾವೆಯೇ ದಾರಿ. ಸರ್ಕಾರದ ಮೇಲಾದರೆ 2 ತಿಂಗಳು ಮುಂಚೆ ನೋಟಿಸು ಬೇಕು.

ದೂರಿನಲ್ಲಿ ಆಸ್ಪತ್ರೆ, ಡಾಕ್ಟರು ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸಿ. ಹೊರಗಿನಿಂದ ಬಂದ ಸರ್ಜನ್ ತಪ್ಪಿಗೂ ಆಸ್ಪತ್ರೆ ಹೊಣೆ. ನೋಟಿಸು ತಲುಪಿದ ಮೇಲೆ ಅವರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15.

ಡಾಕ್ಟರಿಗೆ ಪಾಲಿಸಿ ಇರುವುದು ಗೊತ್ತಾದರೆ ವಿಮಾ ಕಂಪನಿಯನ್ನೂ ಸೇರಿಸುವ ರೂಢಿಯಿದೆ. ಡಾಕ್ಟರ ವೃತ್ತಿ ಹೊಣೆ ವಿಮೆಯಲ್ಲಿ ಒಂದು ಘಟನೆಗೆ ಇಷ್ಟು, ವರ್ಷಕ್ಕೆ ಇಷ್ಟು ಎಂದು ಎರಡು ಮಿತಿ. ಘಟನೆಗೆ 25 ಲಕ್ಷ ಇದ್ದು ಆದೇಶ 32 ಲಕ್ಷಕ್ಕೆ ಬಂದರೆ ಉಳಿದ 7 ಲಕ್ಷ ಅವರ ಕೈಯಿಂದ. ವಕೀಲರ ಖರ್ಚೂ ಸಾಮಾನ್ಯವಾಗಿ ಆ 25ರೊಳಗೇ. ಪಾಲಿಸಿ ಬೇಕಾಗುವುದು ಆಪರೇಷನ್ ದಿನಕ್ಕಷ್ಟೇ ಅಲ್ಲ, ದೂರು ಬಂದ ದಿನಕ್ಕೂ ಜಾರಿಯಲ್ಲಿರಬೇಕು. ನಿವೃತ್ತರಾದ ಡಾಕ್ಟರು ನವೀಕರಣ ಬಿಟ್ಟು ಸಿಕ್ಕಿಬೀಳುವುದು ಇದರಿಂದಲೇ. ನೋಟಿಸು ಬಂದದ್ದನ್ನು ಕಂಪನಿಗೆ ತಡವಾಗಿ ತಿಳಿಸಿದರೂ, ಕುಡಿದು ಆಪರೇಷನ್ ಮಾಡಿದರೂ ವಿಮೆ ಕೈಕೊಡಬಹುದು.

ಆದೇಶ ಬಂದ ಮೇಲೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಲು 45 ದಿನ. ಸೋತ ಆಸ್ಪತ್ರೆ ಮೇಲ್ಮನವಿ ಹಾಕಬೇಕಾದರೆ ಆದೇಶದ ಅರ್ಧ ಹಣ ಮೊದಲೇ ಠೇವಣಿ ಇಡಬೇಕು.